ಅಜ್ಜಿಯ ಕೋಣೆಯಲ್ಲಿ ಹಣ್ಣುನೊಣ

ಕೆಲಸವಿಲ್ಲದವರು ಕೂತು ನೊಣ ಹೊಡೆಯುತ್ತಾರೆ ಎನ್ನುವುದು ಲೋಕದ ಮಾತು. ಜೀವವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿದ ನಾನು ನೊಣ ಸಾಕಲು ಹೊರಟಾಗ ಆ ಮಾತಿಗೆ ನಮ್ಮ ಮನೆಯಲ್ಲಿ ಹೊಸ ಕಳೆ ಬಂತು.

"ಹೊಡೆಯೋದಾದ್ರೆ ಮನೇಲೇ ಕೂತ್ಕೋಬಹುದಿತ್ತು," ಎಂದ ಅಣ್ಣ. "ಸಾಕೋದಕ್ಕೆ ಬಸ್ಸು ಹತ್ತಬೇಕಂತೆ."

ನಮ್ಮ ಸಣ್ಣ ಊರಿನ ಕಾಲೇಜಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮುಸುಕು ಹಾಕಿ ಬೀರುವಿನಲ್ಲಿಟ್ಟಿದ್ದರು. ಪರೀಕ್ಷೆಯ ದಿನ ಮಾತ್ರ ಅದರ ದರ್ಶನ. ಜೀವಕೋಶವನ್ನು ನೋಡದೆಯೇ ಅದರ ಚಿತ್ರ ಬಿಡಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಪಕ್ಕದ ಪಟ್ಟಣದ ಪ್ರಯೋಗಾಲಯಕ್ಕೆ ತರಬೇತಿಗೆ ಸೇರಿದ ದಿನ, ಹಣ್ಣುನೊಣದ ಕೆಂಪು ಕಣ್ಣನ್ನು ಮಸೂರದಡಿ ಮೊದಲ ಬಾರಿ ಕಂಡೆ. ದಾಳಿಂಬೆಯ ಕಾಳನ್ನು ಯಾರೋ ಬೆಳಕಿಗೆ ಹಿಡಿದಂತಿತ್ತು. ಉಸಿರು ಬಿಡುವುದನ್ನೇ ಮರೆತೆ. ನೆನಪಾಗಿ ಬಿಟ್ಟಾಗ, ನೋಡಲೆಂದು ಈಥರ್ ಕೊಟ್ಟು ಮಲಗಿಸಿದ್ದ ನೊಣಗಳೆಲ್ಲ ತಟ್ಟೆಯಿಂದ ಹಾರಿ ನೆಲ ಸೇರಿದವು.

ಅಲ್ಲಿದ್ದ ಸಂಶೋಧನೆಯ ಸೀಟು ಒಂದೇ. ಅದು ತಪ್ಪಿದರೆ ಚಿಕ್ಕಪ್ಪನ ಔಷಧಿ ಅಂಗಡಿ ಕಾಯುತ್ತಿತ್ತು. ಅಲ್ಲಿನ ಸ್ಟೂಲಿನ ಮೇಲೆ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ಮನೆಯವರಿಗೂ ಗೊತ್ತಿತ್ತು, ಅವರಿಗೆ ಬೇಕಿದ್ದುದೂ ಅದೇ.

ಕಡು ಬೇಸಿಗೆಯಲ್ಲಿ ಪ್ರಯೋಗಾಲಯದ ಎಸಿ ಕೆಟ್ಟಿತು. ಸೆಕೆ ಮಿತಿಮೀರಿದರೆ ಗಂಡುನೊಣಗಳು ಸಂತಾನಶಕ್ತಿ ಕಳೆದುಕೊಳ್ಳುತ್ತವೆ, ತಳಿಯೇ ನಿಂತುಹೋಗುತ್ತದೆ. ಅಲ್ಲಿನ ಮುಖ್ಯಸ್ಥೆಯಾಗಿದ್ದ ಮೇಡಂ ನೊಣದ ಬಾಟಲಿಗಳನ್ನು ನಮ್ಮೆಲ್ಲರಿಗೂ ಹಂಚಿದರು. ನನ್ನ ಪಾಲಿಗೆ ಬಂದದ್ದು ಬಿಳಿಗಣ್ಣಿನ ತಳಿ.

"ಮನೇಲಿ ತಂಪಾದ ಜಾಗದಲ್ಲಿಡು. ಇದನ್ನ ಉಳಿಸ್ಕೊಂಡು ಬಾ, ಆಮೇಲೆ ನಿನ್ನ ಸೀಟಿನ ಮಾತಾಡೋಣ."

ನಮ್ಮ ಮನೆಯಲ್ಲಿ ತಂಪಾದ ಜಾಗವೆಂದರೆ ಅಜ್ಜಿಯ ಕೋಣೆ.

"ಜೀವಮಾನವೆಲ್ಲ ನೊಣ ಓಡ್ಸಿ ಕೈ ಸೋತಿದೆ ಕಣೇ. ಈಗ ತಲೆದೆಸೇಲಿ ತಂದಿಡ್ತೀಯಾ?" ಎಂದಳು ಅಜ್ಜಿ.

"ಹತ್ತಿ ಬಿರಡೆ ಹಾಕಿದೀನಿ ಅಜ್ಜಿ. ಗಾಳಿ ಮಾತ್ರ ಓಡಾಡತ್ತೆ, ಅವು ಬರಲ್ಲ."

"ಓದ್ಸಿದ್ದು ಇದಕ್ಕಾ?"

"ಇದಕ್ಕೇ."

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಒಪ್ಪಿಗೆ ಯಾವಾಗಲೂ ಹಾಗೆಯೇ.

ಒಂದು ಸಂಜೆ ಅವಳು ಕಾಲು ಕೆರೆದುಕೊಳ್ಳುತ್ತಿದ್ದಳು. ಪಾಪ, ನನ್ನ ಸಂಸಾರಕ್ಕೆ ಜಾಗ ಕೊಟ್ಟವಳು. ಕಿಟಕಿ ಮುಚ್ಚಿ, ಸೊಳ್ಳೆ ಮಷೀನು ಹಚ್ಚಿ, ಅಡುಗೆಮನೆಯಲ್ಲಿ ಕೂತು ಕೀಟಗಳ ನರಗಳ ಮೇಲೆ ವಿಷಗಳ ಪರಿಣಾಮ ಎಂಬ ಅಧ್ಯಾಯ ಓದಿದೆ. ಮುಖ್ಯವಾದ ಕಡೆ ಅಡಿಗೆರೆಯನ್ನೂ ಎಳೆದೆ.

ಬೆಳಿಗ್ಗೆ ಅಜ್ಜಿ ಕೂಗಿದಳು. "ಲೇ, ನಿನ್ನ ಮಕ್ಕಳು ಇನ್ನೂ ಎದ್ದಿಲ್ಲ ನೋಡು!"

ಬಾಟಲಿಯ ತಳದಲ್ಲಿ ಎಳ್ಳು ಚೆಲ್ಲಿದಂತೆ ಬಿದ್ದಿದ್ದವು. ತಟ್ಟಿದರೂ ಒಂದೂ ಅಲುಗಲಿಲ್ಲ. ಗೋಡೆಯಲ್ಲಿ ಮಷೀನಿನ ದೀಪ ಇನ್ನೂ ಉರಿಯುತ್ತಿತ್ತು. ಸೊಳ್ಳೆಯೂ ನೊಣವೂ ಒಂದೇ ಗಣಕ್ಕೆ ಸೇರಿದ ನೆಂಟರು ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಗಿಟ್ಟಿಸಿದವಳು ನಾನು.

"ಚಿಕ್ಕಪ್ಪನ ಅಂಗಡೀಲೂ ಇದನ್ನೇ ಮಾರ್ತಾರೆ," ಎಂದ ಅಣ್ಣ. "ಅನುಭವ ಆಯ್ತಲ್ಲ, ಬಿಡು."

ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ನೀನೇ ಹಚ್ಚಿದ್ಯಾ?"

"ಹೌದು ಮೇಡಂ."

"ಗಾಜಿಗೆ ಕೋಶಗಳು ಅಂಟಿಕೊಂಡಿವೆಯಾ?"

ಅಕ್ಕಿನುಚ್ಚಿನಷ್ಟು ಸಣ್ಣ ಕಂದು ಕೋಶಗಳಿದ್ದವು. ಮರಿಹುಳು ನೊಣವಾಗುವ ಮುನ್ನ ಮುಚ್ಚಿಕೊಂಡು ಮಲಗುವ ಗೂಡುಗಳು.

"ಇವೆ ಮೇಡಂ."

"ಒಳಗಿರೋದು ಬದುಕಿರಬಹುದು. ಕಿಟಕಿ ತೆಗಿ, ಸತ್ತಿದ್ದನ್ನ ತೆಗೆದುಹಾಕು. ಗಂಡು ಹೆಣ್ಣು ಎರಡೂ ಬಂದ್ರೆ ಫೋನ್ ಮಾಡು. ಬರದಿದ್ರೂ ಮಾಡು."

ಸೀಟಿನ ಮಾತನ್ನು ಅವರು ಎತ್ತಲಿಲ್ಲ.

ಬಾಟಲಿಯನ್ನು ಅಮ್ಮನ ಕೋಣೆಗೆ ಒಯ್ಯುತ್ತೇನೆ, ನೀನು ಮಷೀನು ಹಚ್ಚಿಕೊಂಡು ಮಲಗು ಎಂದರೆ ಅಜ್ಜಿ ಕೇಳಲಿಲ್ಲ. "ಅಲ್ಲಿಟ್ರೆ ಒಲೆ ಮೇಲಿಟ್ಟ ಹಾಗೆ. ದಿನ ತುಂಬಿದೋರನ್ನ ಅಲ್ಲಿಂದಿಲ್ಲಿಗೆ ಅಲೆದಾಡಿಸ್ತಾರೇನೇ?" ಎಂದು ಅಣ್ಣನ ಹಳೆಯ ಕಾಲುಚೀಲವನ್ನು ಮೊಣಕಾಲವರೆಗೆ ಏರಿಸಿಕೊಂಡಳು.

ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಚಿಕ್ಕಪ್ಪ ಬಂದು ಚಹಾ ಕುಡಿದು, ಅಂಗಡಿಗೆ ಫ್ಯಾನು ಹಾಕಿಸಿದ್ದೇನೆಂದು ಯಾರಿಗೋ ಹೇಳುವಂತೆ ನನಗೆ ಹೇಳಿ ಹೋದ.

ಆಮೇಲೊಂದು ಬೆಳಿಗ್ಗೆ ಒಂದು ಕೋಶದ ತುದಿ ಬಿರಿದಿತ್ತು. ಒದ್ದೆಯಾದ, ಬಣ್ಣವಿಲ್ಲದ ಒಂದು ಜೀವ ಗಾಜನ್ನು ಹತ್ತುತ್ತಿತ್ತು. ಮಡಿಸಿಟ್ಟ ರೆಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಕಣ್ಣು ಹಾಲಿನಷ್ಟು ಬಿಳಿ.

"ಏನು ಮಗು?" ಅಜ್ಜಿ ಹಾಸಿಗೆಯಿಂದಲೇ ಕೇಳಿದಳು.

"ಹೆಣ್ಣು."

"ಒಳ್ಳೇದಾಯ್ತು. ಕಾಫಿ ಕುಡಿದು ಬಾ, ನಾನು ನೋಡ್ಕೋತೀನಿ."

ಮಧ್ಯಾಹ್ನಕ್ಕೆ ಗಂಡೂ ಬಂತು. ತಕ್ಷಣ ಫೋನ್ ಮಾಡಿ ಹೇಳಿದೆ.

"ಸರಿ," ಎಂದರು ಮೇಡಂ. "ಸೋಮವಾರ ಬಾಟ್ಲಿ ತಗೊಂಡು ಬಾ. ಆಫೀಸಲ್ಲಿ ಸೀಟಿಗೆ ಸಹಿ ಹಾಕು. ಆಮೇಲೆ ಒಂದು ಬೋರ್ಡ್ ಬರ್ದು ಬಾಗಿಲಿಗೆ ಅಂಟಿಸು, ನೊಣ ಇರೋ ಕಡೆ ಸೊಳ್ಳೆ ಮಷೀನು ಹಚ್ಚಬಾರದು ಅಂತ."

ಸಂಶೋಧಕಿಯಾಗಿ ನನ್ನ ಮೊದಲ ಬರಹ ಅದೇ. ಕೆಳಗೆ ಹೆಸರು ಹಾಕಲೇ ಎಂದು ಕೇಳಿದೆ.

"ಬೇಡ," ಎಂದರು. "ಎಲ್ಲರಿಗೂ ಗೊತ್ತು."