ಕಪ್ಪು ಸ್ಟಾಂಪಿನ ಬೆನ್ನ ಮೇಲೆ ನಾನು ಬರೆದದ್ದು

ಬೆಂಜಮಿನ್ ಮೇಷ್ಟ್ರ ಸ್ಟಾಂಪಿನ ಬೆನ್ನ ಮೇಲೆ ‘ನಕಲಿ’ ಎಂದು ಬರೆದವನು ನಾನು. ಆ ತೀರ್ಪು ತಪ್ಪೆಂದು ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ — ಅಲ್ಲ, ಇಲ್ಲೂ ನನ್ನನ್ನು ನಾನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿದ್ದೇನೆ. ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅದನ್ನೊಂದು ತಮಾಷೆಯ ಕಥೆ ಮಾಡಿ, ಕೂತಲ್ಲಿ ನಿಂತಲ್ಲಿ ಹೇಳಿ, ಜನರನ್ನು ನಗಿಸಿದೆ.

ಆವತ್ತು ಅಲ್ಲಿ ನಾವು ನಾಲ್ಕು ಜನ ಇದ್ದೆವು. ಕೊಪ್ಪದಲ್ಲಿ ಇಕ್ಬಾಲನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆ, ಭಾನುವಾರ ಮಧ್ಯಾಹ್ನ. ಇಕ್ಬಾಲ್, ಶೃಂಗೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಔಷಧಿ ಅಂಗಡಿಯ ಭಟ್ಟರು, ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದ ಬೆಂಜಮಿನ್ ಮೇಷ್ಟ್ರು, ಮತ್ತೆ ಬಸ್‌ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಮಾಡುವ ನಾನು. ಹಳೆಯ ಸ್ಟಾಂಪು ಕೂಡಿಡುವ ಹುಚ್ಚು ನಾಲ್ವರಿಗೂ. ಯಾವುದು ಅಸಲಿ, ಯಾವುದು ನಕಲಿ ಎಂಬ ಪ್ರಶ್ನೆ ಬಂದರೆ ಉಳಿದ ಮೂವರೂ ನನ್ನ ಮುಖ ನೋಡುತ್ತಿದ್ದರು. ನನಗೆ ಹೆಚ್ಚು ಗೊತ್ತಿತ್ತು ಎಂದೇನಲ್ಲ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದ್ದದ್ದು ನನ್ನ ಹತ್ತಿರ ಮಾತ್ರ. ಅದನ್ನು ಕಣ್ಣಿಗೆ ಹಾಕಿ “ಹೂಂ” ಎಂದರೆ ಸಾಕು, ಎದುರಿಗಿದ್ದವರು ಉಸಿರು ಬಿಗಿಹಿಡಿಯುತ್ತಾರೆ. ಅದರ ರುಚಿ ಹತ್ತಿದವನು ಆಮೇಲೆ ಸ್ಟಾಂಪಿನ ಪುಸ್ತಕ ಓದುವುದನ್ನು ಬಿಡುತ್ತಾನೆ. ನಾನು ಬಿಟ್ಟಿದ್ದೆ.

ಮೇಷ್ಟ್ರು ಅಂಗಿಯ ಜೇಬಿನಿಂದ ಬೆಣ್ಣೆಕಾಗದದ ಸಣ್ಣ ಲಕೋಟೆ ತೆಗೆದರು. ಒಳಗೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕಪ್ಪು ಚೌಕ, ನಡುವೆ ‘ಒಂದು’ ಎಂಬ ಅಂಕಿ. ಜರ್ಮನಿ ಇನ್ನೂ ಒಂದೇ ದೇಶವಾಗಿರದ ಕಾಲದಲ್ಲಿ ಬವೇರಿಯಾ ಎಂಬ ರಾಜ್ಯ ಹೊರಡಿಸಿದ ಮೊಟ್ಟಮೊದಲ ಸ್ಟಾಂಪು. ಮೇಷ್ಟ್ರ ಅಜ್ಜಿ ಮಂಗಳೂರಿನಲ್ಲಿ ಒಬ್ಬ ಜರ್ಮನ್ ಪಾದ್ರಿಯ ಮನೆಯಲ್ಲಿ ಅಡಿಗೆ ಮಾಡುತ್ತಿದ್ದರಂತೆ. ಪಾದ್ರಿ ತನ್ನ ದೇಶಕ್ಕೆ ಹೊರಟಾಗ, ತಂದೆಯದೆಂದು ಜೋಪಾನ ಮಾಡಿಕೊಂಡಿದ್ದ ಇದನ್ನು ಆಕೆಯ ಕೈಗೆ ಕೊಟ್ಟು ಹೋದನಂತೆ.

ಬವೇರಿಯಾದ ಹಳೆಯ ಸ್ಟಾಂಪಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ — ಕಳ್ಳ ಅಚ್ಚು ತಡೆಯಲು ಅವರು ಕಾಗದದೊಳಗೇ ಕೆಂಪು ರೇಷ್ಮೆಯ ಎಳೆಯೊಂದನ್ನು ಸೇರಿಸುತ್ತಿದ್ದರು. ಬೆಳಕಿಗೆ ಹಿಡಿದರೆ ಕಾಣಬೇಕು. ಹಿಡಿದೆ. ಕಾಣಲಿಲ್ಲ.

ಇನ್ನೊಂದು ಮಾತು ಇದೆ — ಇದನ್ನು ಬರೆಯುವಾಗಲೇ ಕೈ ಹಿಂಜರಿಯುತ್ತದೆ. ಸ್ಟಾಂಪನ್ನು ಮಗುಚುವಾಗ ನನ್ನ ಬೆರಳ ತುದಿಗೆ ಅದರ ಬೆನ್ನು ತರಿತರಿಯಾಗಿ ತಾಗಿತು. ಲೋಹದ ಅಚ್ಚು ಕಾಗದವನ್ನು ಒತ್ತಿದಾಗ ಹಿಂಬದಿಯಲ್ಲಿ ಉಳಿಯುವ ಉಬ್ಬು ಅದು. ನಕಲಿ ಮಾಡುವವರು ಹೆಚ್ಚಾಗಿ ಕಲ್ಲಚ್ಚಿನಲ್ಲಿ ಹೊಡೆಯುತ್ತಿದ್ದರು. ಅದರ ಬೆನ್ನು ನುಣ್ಣಗಿರುತ್ತದೆ. ದಿನವಿಡೀ ಗಡಿಯಾರದ ಚಕ್ರದ ಹಲ್ಲು ಸವರುವ ಬೆರಳು — ಅದಕ್ಕೆ ಗೊತ್ತಾಗಿತ್ತು. ಒಂದು ಗಳಿಗೆ ತಡೆದೆ ಕೂಡ. ಆದರೆ ಅಷ್ಟರಲ್ಲಿ ನನ್ನ ನಾಲಿಗೆಯ ಮೇಲೆ ಒಂದು ಮಾತು ಬಂದು ಕೂತಿತ್ತು. ಒಳ್ಳೆಯ ಮಾತು, ನಗೆ ತರುವ ಮಾತು. ಅದನ್ನು ನುಂಗಿಕೊಳ್ಳಲು ಮನಸ್ಸಾಗಲಿಲ್ಲ.

“ಅಜ್ಜಿ ಹೆಸರು ಯಾಕೆ ಎಳೀತೀರಿ ಮೇಷ್ಟ್ರೆ? ಡ್ರಾಯಿಂಗ್ ನಿಮ್ದೇ ಅಲ್ವಾ? ಕೈ ಭಾರಿ ಚೆನ್ನಾಗಿದೆ ಮಾರಾಯ್ರೆ!”

ಭಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಕ್ಬಾಲ್, “ಇನ್ನೊಂದು ಬರ್ಕೊಡಿ ಮೇಷ್ಟ್ರೆ, ಫ್ರೇಮ್ ಹಾಕಿ ಕೊಡ್ತೀನಿ,” ಎಂದ. ನಕಲಿ ಎಂದು ಕಂಡದ್ದರ ಬೆನ್ನ ಮೇಲೆ ಹಾಗೆಂದು ಗುರುತು ಮಾಡಿಬಿಡಬೇಕು, ಮುಂದೆ ಯಾರೂ ಮೋಸ ಹೋಗಬಾರದು ಎಂಬುದು ಸ್ಟಾಂಪಿನವರ ಪದ್ಧತಿ. ಮೇಷ್ಟ್ರನ್ನು ಒಂದು ಮಾತು ಕೇಳದೆ, ಶಾಯಿ ಪೆನ್ನು ತೆಗೆದು ಬರೆದೇಬಿಟ್ಟೆ.

ಅವರು ಜಗಳವಾಡಲಿಲ್ಲ. “ನಮ್ಮಜ್ಜಿ ಸುಳ್ಳು ಹೇಳೋರಲ್ಲ,” ಎಂದರು, ಅಷ್ಟೆ. ಲಕೋಟೆ ಜೇಬಿಗಿಟ್ಟುಕೊಂಡು ಎದ್ದು ಹೋದರು. ಆಮೇಲೆ ಎಷ್ಟೋ ಭಾನುವಾರ ಅವರ ಕುರ್ಚಿ ಖಾಲಿ ಇತ್ತು, ಕೊನೆಗೆ ಇಕ್ಬಾಲ್ ಅದನ್ನು ಮುಂಭಾಗದ ಸ್ಟುಡಿಯೋಗೆ ಒಯ್ದ.

ಕೆಲವು ವರ್ಷ ಕಳೆದು ಮೈಸೂರಿನಲ್ಲಿ ಒಂದು ಸ್ಟಾಂಪ್ ಪ್ರದರ್ಶನ ನೋಡಲು ಹೋಗಿದ್ದೆ. ಗಾಜಿನ ಹಿಂದೆ ಅದೇ ಕಪ್ಪು ಚೌಕ! ನನ್ನ ಜಾಣತನ ನಾಲ್ಕು ಜನರಿಗೆ ಕೇಳಿಸಲೆಂದೇ, “ಇದರಲ್ಲಿ ರೇಷ್ಮೆ ಎಳೆ ಎಲ್ಲಿದೆ ಸ್ವಾಮಿ?” ಎಂದೆ. ಅಲ್ಲಿದ್ದ ಹಿರಿಯರು ಸಮಾಧಾನವಾಗಿ ಹೇಳಿದರು: “ಇದಕ್ಕೆ ಎಳೆ ಇಲ್ಲ. ಇದು ಮೊದಲನೇದು. ಎಳೆ ಹಾಕಿದ್ದು ಇದರ ನಂತರದ್ದಕ್ಕೆ.”

ಬಾಳೆಹೊನ್ನೂರಿನಲ್ಲಿ ಇಳಿದು ನರಸಿಂಹರಾಜಪುರದ ಬಸ್ಸು ಹಿಡಿಯಬೇಕು, ಇವತ್ತೇ ಹೇಳಿಬಿಡಬೇಕು ಎಂದುಕೊಂಡು ಬರುತ್ತಿದ್ದೆ. ಬಸ್ಸು ಅಲ್ಲಿ ಚಹಾಕ್ಕೆ ನಿಂತಿತು. ನಾನು ಚಹಾ ಕುಡಿದೆ. ಮತ್ತೆ ಅದೇ ಸೀಟಿನಲ್ಲಿ ಬಂದು ಕೂತೆ.

ಕಥೆ ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೇನೋ ಎಂಬ ಹೆದರಿಕೆಗೆ ಹೇಳಿದೆನೋ, ನಗುವಿನ ಆಸೆಗೋ — ಎರಡೂ ಇತ್ತು. ಹೋದ ವರ್ಷ ಮೆಣಸೆಯಲ್ಲಿ ಒಂದು ಗೃಹಪ್ರವೇಶ. ಊಟ ಮುಗಿಸಿ ಎಲೆಯಡಿಕೆ ಹಾಕುತ್ತ ಕೂತಾಗ ಯಾರೋ, “ಆ ಡ್ರಾಯಿಂಗ್ ಮೇಷ್ಟ್ರು ಸ್ಟಾಂಪ್ ಬರೆದ ಕಥೆ ಹೇಳಿ ಮಾರಾಯ್ರೆ,” ಎಂದರು. ಹೇಳಿದೆ. ಚಪ್ಪರವೆಲ್ಲ ನಕ್ಕಿತು. ಬಾಯಿ ಮುಕ್ಕಳಿಸಲು ನಲ್ಲಿಯ ಹತ್ತಿರ ಹೋದರೆ ಒಬ್ಬ ಹೆಂಗಸು ನನ್ನ ಹಿಂದೆಯೇ ಬಂದು ನಿಂತಳು.

“ನಾನು ಶೀಲಾ, ಬೆಂಜಮಿನ್ ಮೇಷ್ಟ್ರ ಮಗಳು. ಅಪ್ಪ ಬೋರ್ಡಿನ ಕಡೆ ತಿರುಗಿದ್ರೆ ಹುಡುಗ್ರು ಹಿಂದಿಂದ ‘ಸ್ಟಾಂಪ್, ಸ್ಟಾಂಪ್’ ಅಂತಿದ್ರು. ರಿಟೈರ್ ಆಗೋವರೆಗೂ. ಎಲ್ಲಿಂದ ಶುರುವಾಯ್ತು ಅಂತ ಇವತ್ತು ಗೊತ್ತಾಯ್ತು.”

ಅಷ್ಟು ಹೇಳಿ ಹೊರಟುಹೋದಳು. ಅಂದಿನಿಂದ ಅಂಗಡಿಯ ಮೆಟ್ಟಿಲು ಯಾರು ಹತ್ತಿದರೂ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಫೋನು ಬಡಿದುಕೊಂಡರೆ ಚಿಮಟದಿಂದ ಸ್ಕ್ರೂ ಜಾರಿ ನೆಲಕ್ಕೆ ಬೀಳುತ್ತಿತ್ತು. ಅಂಥ ಸ್ಟಾಂಪಿಗೆ ಎಳೆಯೇ ಹಾಕುತ್ತಿರಲಿಲ್ಲ ಎಂಬುದು ಮೇಷ್ಟ್ರಿಗೂ ತಿಳಿದಿದ್ದರೆ? ಈಗ ಮೊಬೈಲಿನಲ್ಲಿ ಹುಡುಕಿದರೆ ಯಾರಿಗೂ ಸಿಗುವ ಸಂಗತಿ... ತಿಳಿಯದಿದ್ದರೆ ಇನ್ನೂ ಕಷ್ಟ, ನಾನೇ ಹೇಳಬೇಕು.

ಕೊನೆಗೆ ನರಸಿಂಹರಾಜಪುರಕ್ಕೆ ಹೋದೆ. ಮೇಷ್ಟ್ರಿಗೆ ಕಣ್ಣು ಬಹುಮಟ್ಟಿಗೆ ಹೋಗಿದೆ. ಜಗಲಿಯಲ್ಲಿ ಕೂತಿದ್ದರು.

“ಯಾರದು?”

“ನಾನು ಮೇಷ್ಟ್ರೆ, ಕೊಪ್ಪದ ವಾಚ್ ರಿಪೇರಿ ನಾಗರಾಜ.”

“ಓಹೋ, ಪರೀಕ್ಷಕರು! ಬನ್ನಿ, ಕೂತ್ಕಳಿ.”

ಕೂರಲಿಲ್ಲ. ಎಳೆ, ಬೆರಳಿಗೆ ತಾಗಿದ ಉಬ್ಬು, ಮೈಸೂರು, ಬಾಳೆಹೊನ್ನೂರಿನ ಚಹಾ — ಎಲ್ಲ ಹೇಳಿದೆ.

“ಹಾಗಾದ್ರೆ ಅದು ಅಸಲಿಯಾ?”

“ಹಾಗನ್ನೋಕೂ ನಂಗೆ ಯೋಗ್ಯತೆ ಇಲ್ಲ ಮೇಷ್ಟ್ರೆ. ನಕಲಿ ಅನ್ನೋಕೆ ಕಾರಣ ಇರ್ಲಿಲ್ಲ. ಅಷ್ಟೇ ಗೊತ್ತು.”

ಅವರು ಮೊಣಕಾಲನ್ನು ಸವರಿಕೊಂಡರು. “ಅಜ್ಜಿ ಸುಳ್ಳು ಹೇಳೋರಲ್ಲ ಅಂತ ಬಾಯಲ್ಲಿ ಏನೋ ಅಂದೆ ಆವತ್ತು. ಮನೆಗೆ ಬಂದ್ಮೇಲೆ ಅಜ್ಜಿ ಮೇಲೆ ನಂಗೂ ಸಂಶಯ ಬಂತು ಮಾರಾಯ್ರೆ. ಅವರು ತೀರಿಹೋಗಿ ಎಷ್ಟೋ ಕಾಲ ಆಗಿತ್ತು. ಕೇಳೋದು ಯಾರನ್ನ?” ಎಂದರು. ಆಮೇಲೆ, “ಆವತ್ತು ಯಾರ್ಯಾರಿದ್ರು ಅಲ್ಲಿ?”

“ಭಟ್ಟರು, ಇಕ್ಬಾಲ್...”

“ಎಲ್ಲರ ಎದುರು ಅಂದಿದ್ದಲ್ವಾ? ನನಗೊಬ್ಬನಿಗೆ ಬಂದು ಹೇಳಿದ್ರೆ ಹೇಗೆ?”

ಭಟ್ಟರು ಈಗಿಲ್ಲ. ನಕಲಿಯ ಕಥೆಯನ್ನು ನಿಜವೆಂದೇ ನಂಬಿ ಹೋದರು. ಮಿಕ್ಕಂತೆ ನನ್ನ ಮಾತಿಗೆ ನಕ್ಕವರು ಯಾವ ಯಾವ ಊರಲ್ಲಿದ್ದಾರೋ, ಅದನ್ನು ಇನ್ನೆಷ್ಟು ಜನರಿಗೆ ದಾಟಿಸಿದ್ದಾರೋ. ಅದಕ್ಕೇ ಇದನ್ನು ಬರೆದೆ. ನೀವೂ ಎಲ್ಲಾದರೂ ಕೇಳಿ ನಕ್ಕಿದ್ದರೆ — ಆ ಕಥೆ ಸುಳ್ಳು. ಬೆಂಜಮಿನ್ ಮೇಷ್ಟ್ರು ಯಾವ ಸ್ಟಾಂಪನ್ನೂ ಬರೆದಿರಲಿಲ್ಲ.

ಇಷ್ಟು ಬರೆದ ಮೇಲಿನ ಭಾನುವಾರ ಇಕ್ಬಾಲನ ಹಿಂದಿನ ಕೋಣೆಯಲ್ಲಿ ಸೇರಿದೆವು. ಅಲ್ಲೀಗ ಅವನ ಮಗನ ಅಂಗಡಿಯ ಮೊಬೈಲ್ ಡಬ್ಬಗಳು ತುಂಬಿವೆ. ಮೇಷ್ಟ್ರು ಶೀಲಾಳ ಕೈ ಹಿಡಿದು ಬಂದರು. ನಾನು ನಿಂತುಕೊಂಡು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಇಕ್ಬಾಲ್ ತಲೆ ಎತ್ತದೆ, “ಫ್ರೇಮಿನ ಮಾತು ನಂದು, ಮೇಷ್ಟ್ರೆ,” ಎಂದ. ಮೇಷ್ಟ್ರು ಬೆಣ್ಣೆಕಾಗದದ ಲಕೋಟೆಯನ್ನು ತಡಕಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕೈ ಜೇಬಿನಲ್ಲಿದ್ದ ಭೂತಗನ್ನಡಿಗೆ ಹೋಯಿತು. ಶೀಲಾ ಲಕೋಟೆಯ ಮೇಲೆ ಅಂಗೈ ಇಟ್ಟಳು. ನಾನು ಬರಿಗೈಯನ್ನು ಹೊರಗೆ ತೆಗೆದೆ. ಇಕ್ಬಾಲ್ ಚಹಾ ತರಿಸಿದ. ನಾಲ್ವರೂ ಕುಡಿದೆವು.