ಕಾಣದೇ ಹೋದ ದೋಣಿಗಳು

"ಎದುರಿಗೆ ಒಂದ ದೋಣಿನೂ ಇರಲಿಲ್ರೀ ಸರ," ಎನ್ನುತ್ತ ಮಹಾಂತೇಶ್ ಕೃಷ್ಣಾ ನದಿಯ ದಡಕ್ಕೆ ಬಂದರು. ಧಾರವಾಡದವರು, ವಿಶಾಖಪಟ್ಟಣದ ನೌಕಾಪಡೆಯಲ್ಲಿದ್ದ ದೋಣಿ ಸ್ಪರ್ಧೆಯ ಚಾಂಪಿಯನ್. ಎಂಬತ್ತರ ದಶಕದ ಕೊನೆಯಲ್ಲಿ, ವಿಜಯವಾಡದ ಆ ಸ್ಪರ್ಧೆ ಭಾರತ ತಂಡ ಸೇರಲು ಅವರಿಗಿದ್ದ ಕೊನೆಯ ಅವಕಾಶ. ಬ್ಯಾಂಕಿಗೆ ರಜೆ ಹಾಕಿ ಹೋಗಿದ್ದ ನನಗೆ ಜನಜಂಗುಳಿಯಲ್ಲಿ ಏನೂ ಕಂಡಿರಲಿಲ್ಲ. "ಹಾಗಾದರೆ ಗೆದ್ದಿರಿ!" ಎಂದು ಕೈ ಚಾಚಿದೆ.

"ನಾವು ಗುರಿಗೆ ಬೆನ್ನ ಮಾಡಿ ಕುಂತು ಹುಟ್ಟು ಹಾಕ್ತೀವ್ರಿ. ಮುಂದಿದ್ದವಗ ಹಿಂದಿನವರೆಲ್ಲ ಎದುರಿಗೆ ಕಾಣ್ತಾರ. ಇವತ್ತ ನನಗ ಬರೇ ನೀರ ಕಾಣ್ತಿತ್ರಿ."

ಹೇಳುವಾಗ ಅವರು ನಕ್ಕರೆಂದು ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಚಾಚಿದ ಕೈಯನ್ನು ಹಿಂತೆಗೆದುಕೊಳ್ಳಲಾಗದೆ ನಿಂತಿದ್ದಾಗ ಅವರೇ ಅದನ್ನು ಹಿಡಿದು ಗಟ್ಟಿಯಾಗಿ ಕುಲುಕಿದ್ದು ಮಾತ್ರ ಸುಳ್ಳಲ್ಲ.