ಅಳಿವೆಯ ಆಚೆ ದಡದ ಕೂಗು

ಆ ಸಂಜೆ ಆಚೆ ದಡದಿಂದ ಕೂಗಿದ್ದು ಹೆಂಗಸು. ಗಾಳಿಯಲ್ಲ, ಪ್ರತಿಧ್ವನಿಯೂ ಅಲ್ಲ. ದೆವ್ವದ ಕತೆ ಹೇಳುವವರನ್ನು ಮುಖಕ್ಕೇ ಬೈಯುತ್ತಿದ್ದವಳು ನಾನು. ಈಗಲೂ ಬೈಯುತ್ತೇನೆ. ಆದರೆ ಕೇಳಿದ್ದನ್ನು ಕೇಳಿಲ್ಲ ಎನ್ನಲಾರೆ.

ನಾನು ಗಂಗೊಳ್ಳಿ ಕಡೆಯ ಮೀನುಗಾರರ ಮನೆಯವಳು. ಗಂಡ ಸತ್ತ ಮೇಲೆ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಹಗಲಿಡೀ ಮಾತಿಗೆ ಜನವಿಲ್ಲ. ಅಳಿಯ ಸುಧಾಕರನಿಗೆ ಸೀಕಾಕಸ್‌ನ ಗೋದಾಮಿನಲ್ಲಿ ಕೆಲಸ; ರಜೆಯಲ್ಲಿ ತನ್ನ ಸಣ್ಣ ಬೋಟಿನಲ್ಲಿ ಮೀನಿಗೆ ಹೋಗುತ್ತಾನೆ. ಆರೇಳು ವರ್ಷದ ಹಿಂದೆ ಒಂದು ದಿನ ಮೊಮ್ಮಗಳು ನಿಶಾಳನ್ನೂ ಕರೆದೊಯ್ದಿದ್ದ. ನಾನೂ ಮಗಳೂ ಹೊಳೆ ಕಡಲಿಗೆ ಸೇರುವ ಅಳಿವೆಯ ಈಚೆ ದಡದಲ್ಲಿ ಕಾಯುತ್ತಿದ್ದೆವು. ಆಚೆ ದಡದಲ್ಲಿ ಹಳೆಯ ಲೈಟ್‌ಹೌಸ್. ಅದರ ಬುಡದಲ್ಲಿ ಹಿಂದೆ ಮೀನುಗಾರರ ಮನೆಗಳಿದ್ದವಂತೆ. ಈಗ ಒಂದೂ ಇಲ್ಲ.

ಸಂಜೆಗೆ ಮಂಜು ಇಳಿಯಿತು. ಲೈಟ್‌ಹೌಸ್‌ ದೀಪವೂ ಕಾಣದಾಯಿತು. ಸುಧಾಕರನ ಫೋನ್ ತಾಗಲಿಲ್ಲ. ಅಳಿವೆಯ ಎರಡೂ ಬದಿ ಬಂಡೆಗಲ್ಲು; ತಗುಲಿದರೆ ಬೋಟು ಚೂರು.

ನಮ್ಮಲ್ಲಿ ಮಂಜು ಕವಿದರೆ ಹೆಂಗಸರು ಎರಡೂ ದಡದಲ್ಲಿ ನಿಂತು ಸರದಿಯಂತೆ ಕೂಗುತ್ತಿದ್ದೆವು. ದೋಣಿ ಎರಡು ಕೂಗಿನ ನಡುವೆ ಬರಬೇಕು. ಒಂದೇ ಕಡೆಯಿಂದ ಕೂಗಬಾರದು. ದೋಣಿ ಕೂಗಿದವಳತ್ತಲೇ ತಿರುಗಿ ಕಲ್ಲಿಗೆ ಬೀಳುತ್ತದೆ. ಗೊತ್ತಿದ್ದೂ ಕೂಗಿದೆ. ಸುಮ್ಮನೆ ನಿಲ್ಲಲು ಆಗಲಿಲ್ಲ.

"ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡಿದ್ದೆ ಅಲ್ದಾ, ಸುಮ್ನಿರು ಅಮ್ಮ!" ಎಂದಳು ಮಗಳು.

ಆಗ ಆಚೆಯಿಂದ "ಕೂ..." ಎಂದು ಬಂತು. ಒಡೆದ, ವಯಸ್ಸಾದ ದನಿ. ನಾನು ಉಸಿರೆಳೆದುಕೊಳ್ಳುವಾಗ ಅವಳು, ಅವಳು ನಿಲ್ಲಿಸಿದಾಗ ನಾನು. ಒಮ್ಮೆ ನನಗೆ ಕೆಮ್ಮು ಹತ್ತಿತು, ಅವಳು ಕಾದಳು. ಊರು ಬಿಟ್ಟ ಮೇಲೆ ನನ್ನ ಸರದಿಗಾಗಿ ಯಾರೂ ಕಾದಿರಲಿಲ್ಲ.

ಬೋಟು ಸರಿಯಾಗಿ ನಡುವಿನಿಂದಲೇ ಬಂತು.

"ಅತ್ತೆ, ನಿಮ್ಮ ಗಂಟಲಿದ್ರೆ ಲೈಟ್‌ಹೌಸ್ ಎಂತಕ್ಕೆ?" ಎಂದು ಸುಧಾಕರ ನಕ್ಕ. ಕಟ್ಟಿದ ಹಗ್ಗವನ್ನೇ ಮತ್ತೆ ಬಿಚ್ಚಿ ಕಟ್ಟಿದ. ನಿಶಾ ನಗಲಿಲ್ಲ. "ಅಜ್ಜಿ, ಹೂ ವಾಸ್ ದಿ ಅದರ್ ಲೇಡಿ?" ಎಂದು ಕೇಳಿದಳು.

ಪಕ್ಕದಲ್ಲೇ ನಿಂತಿದ್ದ ಮಗಳಿಗೆ ಕೇಳಿದ್ದು ನನ್ನ ಕೂಗೊಂದೇ. ಅದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಒಪ್ಪಿಸಿ, ಸೇತುವೆ ಸುತ್ತಿಕೊಂಡು ಅವಳ ಕಾರಿನಲ್ಲಿ ಆಚೆ ದಡಕ್ಕೆ ಹೋದೆ. ಮಗಳು ಕಾರಿನಲ್ಲೇ ಕೂತಳು. ಲೈಟ್‌ಹೌಸ್‌ ಗೇಟಿಗೆ ಬೀಗ. ಮರಳಿನಲ್ಲಿ ಹಕ್ಕಿಗಳ ಹೆಜ್ಜೆ ಮಾತ್ರ. ಆ ಕೂಗಿನ ಹೆಂಗಸು ನಿಂತಿರಬಹುದಾದ ಜಾಗದಲ್ಲಿ ನಿಂತೆ. ಕಡಲಲ್ಲಿ ಯಾರ ಬೋಟೂ ಇರಲಿಲ್ಲ. ಆದರೂ ಒಮ್ಮೆ ಕೂಗಿ, ಅವಳ ಸರದಿಗೆಂದು ಕಾದೆ, ಮಗಳು ಹಾರ್ನ್ ಹೊಡೆಯುವವರೆಗೂ.